ಮೈಕಕ್ಕ ಮತ್ತು ರಕ್ತಪ್ಪ

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಮೊದಲು ಚಹಾ ಅಂಗಡಿಯವನು ಮೈಕಕ್ಕ ಅಂದ. ಅವನಿಂದ ಡ್ರೈವರುಗಳು ಕಲಿತರು, ಡ್ರೈವರುಗಳಿಂದ ಕಂಡಕ್ಟರುಗಳು, ಆಮೇಲೆ ಬೀದಿಯ ನೆರೆಹೊರೆಯವರು. ಕೊನೆಗೆ ಡಿಪೋದಲ್ಲಿ ಬಸ್ಸಿನ ಹರಿದ ಸೀಟುಗಳಿಗೆ ಹೊಲಿಗೆ ಹಾಕುವ ಅವಳ ಗಂಡನೂ ಜಗಳದ ಹೊತ್ತಿನಲ್ಲಿ "ಮೈಕಕ್ಕಾವ್ರೇ, ಸ್ವಲ್ಪ ವಾಲ್ಯೂಮ್ ಕಮ್ಮಿ ಮಾಡಿ" ಅನ್ನುವಷ್ಟರ ಮಟ್ಟಿಗೆ ಆ ಹೆಸರು ಅಂಟಿಕೊಂಡಿತ್ತು.

ಬಸ್ ನಿಲ್ದಾಣದ ವಿಚಾರಣಾ ಕೌಂಟರಿನ ಪಕ್ಕದಲ್ಲಿ ಕಬ್ಬಿಣದ ಮೆಟ್ಟಿಲು. ಹತ್ತಿದರೆ ಗೂಡಿನಂಥ ಒಂದು ಕೋಣೆ. ಅಲ್ಲಿ ಕೊಕ್ಕರೆಯ ಕತ್ತಿನಂತೆ ಬಾಗಿದ ಮೈಕು, ಗಂಡ ಹಳೆಯ ಸೀಟಿನ ಸ್ಪಂಜು ಹಾಕಿ ಹೊಲಿದುಕೊಟ್ಟ ದಿಂಬಿರುವ ಕುರ್ಚಿ, ಮತ್ತೆ ಇಡೀ ನಿಲ್ದಾಣ ಕಾಣುವ ಅಗಲವಾದ ಗಾಜು. ಆ ಗಾಜಿನ ಹಿಂದೆ ಕೂತು ಅವಳು ತನ್ನ ಅರ್ಧ ಆಯುಷ್ಯವನ್ನು ಬಸ್ಸುಗಳ ಹೆಸರು ಕರೆಯುವುದರಲ್ಲಿ ಕಳೆದಿದ್ದಳು. ದನಿ ತೆಳ್ಳಗಿರಲಿಲ್ಲ, ಕೀರಲೂ ಅಲ್ಲ. ಸ್ವಲ್ಪ ಇಳಿದ, ಯಾವ ಅವಸರವೂ ಇಲ್ಲದ ದನಿ. ಬಸ್ಸು ತಪ್ಪಿಹೋಯಿತು ಅನ್ನುವುದನ್ನು ಆಕೆಯ ಬಾಯಲ್ಲಿ ಕೇಳಿದರೆ ಅರ್ಧ ಬೇಜಾರು ಅಲ್ಲೇ ಇಳಿದುಹೋಗುತ್ತದೆ ಎಂದು ದಿನಾ ಓಡಾಡುವವರು ಹೇಳುತ್ತಿದ್ದರು.

ಆ ದನಿಯನ್ನು ತಿದ್ದಿದವಳು ಅವಳ ಅಜ್ಜಿ, ತಂದೆಯ ತಾಯಿ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ.

ಮೈಕಕ್ಕನಿಗೆ ಆಗ ಹದಿನಾಲ್ಕು. ಅಪ್ಪ ಲಾರಿಯ ಜೊತೆ ಊರೂರು ತಿರುಗುತ್ತಿದ್ದ, ಅಮ್ಮ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಒಂದು ದಿನ ಗೆಳತಿಯೊಬ್ಬಳು ಕಪ್ಪು ರಟ್ಟಿನ ಮೇಲೆ ಒಂದು ಕೆಂಪು ಹನಿ ಇದ್ದ ಪುಸ್ತಕವನ್ನು ಕಳ್ಳಮಾಲು ಕೊಟ್ಟ ಹಾಗೆ ಕೊಟ್ಟಳು. ವ್ಯಾಂಪೈರ್ ಕಾದಂಬರಿ, ಸತ್ತ ಮೇಲೂ ರಕ್ತ ಕುಡಿದು ಬದುಕುವವನ ಕಥೆ. ಆ ತರಗತಿಯ ಹುಡುಗಿಯರೆಲ್ಲ ಅದನ್ನು ಓದಿ ಅತ್ತು ಮುಗಿಸಿದ್ದರು, ಇವಳದೊಂದು ಸರದಿ ಬಾಕಿ ಇತ್ತು. ಇವಳು ಅದನ್ನು ಭೂಗೋಳದ ಪುಸ್ತಕದೊಳಗೆ ಇಟ್ಟುಕೊಂಡು ಮೂಲೆ ಹಿಡಿದಳು.

ಅಜ್ಜಿ ಮೊರದಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದವಳು ಸ್ವಲ್ಪ ಹೊತ್ತು ನೋಡಿದಳು. ಏನು ಓದುತ್ತಿದ್ದೀಯ ಎಂದು ಕೇಳಿದಳು. ಭೂಗೋಳ ಅಂತ ಉತ್ತರ ಬಂತು.

"ಭೂಗೋಳ ಓದ್ತಾ ಯಾರಾದ್ರೂ ಅಳ್ತಾರೇನೇ?" ಅಂದಳು ಅಜ್ಜಿ. "ಗಟ್ಟಿಯಾಗಿ ಓದು. ಅಳೋ ಅಂಥದ್ದಾದ್ರೆ ನಾನೂ ಅಳ್ತೀನಿ."

ಹೀಗೆ ಶುರುವಾಯಿತು. ಕಥೆ ಏನೆಂದರೆ, ಒಬ್ಬಳು ಹುಡುಗಿ ತನ್ನ ತಂದೆಯ ಗಡಿಯಾರ ರಿಪೇರಿ ಅಂಗಡಿಯಲ್ಲಿ ಸಂಜೆ ಹೊತ್ತು ಕೂರುತ್ತಾಳೆ. ಒಂದು ಸಂಜೆ ಬಿಳಿಚಿದ ಮುಖದ ಹುಡುಗನೊಬ್ಬ ನಿಂತುಹೋದ ಗಡಿಯಾರ ತಂದು ಅವಳ ಮುಂದಿಡುತ್ತಾನೆ. ಗಡಿಯಾರ ನಿಂತು ನೂರು ವರ್ಷವಾಗಿದೆ, ಹುಡುಗನ ವಯಸ್ಸೂ ಅಂದೇ ನಿಂತಿದೆ. ಅವನಿಗೆ ಬೇಕಾದದ್ದು ರಕ್ತ, ಆದರೆ ಅವಳ ರಕ್ತ ಬೇಡ, ಯಾಕೆಂದರೆ ಪ್ರೀತಿ. ಯಾವ ಮನೆಯೊಳಗೂ ಕರೆಯದೆ ಅವನು ಕಾಲಿಡುವಂತಿಲ್ಲ, ಅದು ಅವನ ಜಾತಿಯ ಕಟ್ಟಳೆ. ಹಾಗಾಗಿ ಹೊಸ್ತಿಲ ಆಚೆ ನಿಂತೇ ಪುಟಗಟ್ಟಲೆ ಮಾತಾಡುತ್ತಾನೆ.

ಆ ನಾಯಕನಿಗೆ ಪುಸ್ತಕದಲ್ಲಿ ಮೊಳದುದ್ದದ ಹೆಸರಿತ್ತು. ಅಜ್ಜಿಯ ನಾಲಿಗೆ ಅದಕ್ಕೆ ತಿರುಗಲಿಲ್ಲ. ಒಂದೆರಡು ಸಲ ಪ್ರಯತ್ನಪಟ್ಟು, ಕೊನೆಗೆ ತಾನೇ ಅವನಿಗೆ ರಕ್ತಪ್ಪ ಎಂದು ಹೆಸರಿಟ್ಟಳು. ಆಮೇಲೆ ಅವಳ ಪ್ರಶ್ನೆಗಳಿಗೆ ಕೊನೆ ಮೊದಲಿಲ್ಲ. ಈ ರಕ್ತಪ್ಪನ ಬಟ್ಟೆ ಒಗೆಯುವವರು ಯಾರು? ನೂರು ವರ್ಷ ಬದುಕಿದವನು ಒಂದು ಕೆಲಸ ಯಾಕೆ ಹುಡುಕಿಕೊಳ್ಳಲಿಲ್ಲ? ಕುಡಿಯುವುದು ರಕ್ತ, ಮತ್ತೆ ಅದಕ್ಕೆ ಇಷ್ಟೊಂದು ನಾಚಿಕೆ ಯಾಕೆ? ಓದುವವಳು ಓಡಿದರೆ ನಾಯಿ ಅಟ್ಟಿಸಿಕೊಂಡು ಬರುತ್ತಿದೆಯಾ ಎಂದು ತಡೆಯುತ್ತಿದ್ದಳು. ಅವನ ಮಾತು ಬಂದಾಗ ದನಿ ಇಳಿಸು, ಸತ್ತವನು ಅಷ್ಟು ಜೋರಾಗಿ ಮಾತಾಡುವುದಿಲ್ಲ ಎನ್ನುತ್ತಿದ್ದಳು. ಹುಡುಗಿಯ ಮಾತಿಗೆ ಮುಂಚೆ ಒಂದು ಉಸಿರು ತಗೋ, ಅವಳಿಗೆ ಭಯ ಅಲ್ಲವಾ ಎನ್ನುತ್ತಿದ್ದಳು. ಬಟಾಣಿ ಬಿಡಿಸುವ ಕೈ ನಿಂತಿತೆಂದರೆ ಓದು ಚೆನ್ನಾಗಿ ಸಾಗುತ್ತಿದೆ ಎಂದು ಮೊಮ್ಮಗಳಿಗೆ ಗೊತ್ತಾಗುತ್ತಿತ್ತು. ಅಮ್ಮ ಪುಸ್ತಕ ಕಂಡುಹಿಡಿದು ನಖಶಿಖಾಂತ ಉರಿಯುವ ಹೊತ್ತಿಗೆ ಅಜ್ಜಿ ಮೊಮ್ಮಗಳು ಅದನ್ನು ಎರಡು ಸಲ ಮುಗಿಸಿ ಆಗಿತ್ತು. ಇಂಥ ಹಾಳುಮೂಳು ಓದಿದರೆ ಹುಡುಗಿ ಕೆಟ್ಟುಹೋಗುತ್ತಾಳೆ ಎಂದಳು ಅಮ್ಮ. ಹಾಗಾದರೆ ತಾನೂ ಕೆಟ್ಟಾಯಿತು, ಇನ್ನೇನು ಮಾಡುವುದು ಎಂದಳು ಅಜ್ಜಿ.

ಅಜ್ಜಿ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಮೊಮ್ಮಗಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿಗೆ ಸೇರಿದಳು. ಒಂದು ದಿನ ಮೈಕಿನಲ್ಲಿ ಕೂಗುವವನಿಗೆ ಗಂಟಲು ಕಟ್ಟಿತು, ಇವಳನ್ನು ಮೇಲೆ ಕಳಿಸಿದರು. ಅವಳು ಮತ್ತೆ ಕೆಳಗಿಳಿಯಲಿಲ್ಲ. ಮದುವೆಯಾಯಿತು, ಮಗಳು ಹುಟ್ಟಿದಳು, ಮಗಳು ಕಾಲೇಜು ಮೆಟ್ಟಿಲೂ ಹತ್ತಿದಳು, ಮೈಕಕ್ಕ ಗಾಜಿನ ಹಿಂದೆಯೇ ಇದ್ದಳು.

ಹೀಗಿರುವಾಗ ಯಂತ್ರ ಬಂತು.

ಕೌಂಟರಿನ ಹಿಂದಿನ ಕಪಾಟಿನಲ್ಲಿ ಕೂರಿಸಿದ ಒಂದು ಪೆಟ್ಟಿಗೆ. ಅದರೊಳಗೆ ಯಾರೋ ಕಾಣದ ಹೆಂಗಸಿನ ನುಣುಪು ದನಿ. ವೇಳಾಪಟ್ಟಿ ತುಂಬಿಬಿಟ್ಟರೆ ಸಾಕು, ಬೆಳಗಿನಿಂದ ಸಂಜೆಯವರೆಗೆ ದಣಿಯದೆ ಕೂಗುತ್ತದೆ. ಕೂರಿಸಲು ಬಂದ ಮೆಕ್ಯಾನಿಕ್ ಅದನ್ನು ಹೊಗಳಿದ್ದೇ ಹೊಗಳಿದ್ದು: ಅದಕ್ಕೆ ನೆಗಡಿ ಇಲ್ಲ, ರಜೆ ಇಲ್ಲ, ಮುನಿಸಿಲ್ಲ. ಪೆಟ್ಟಿಗೆ ಎಂದಾದರೂ ನಿಂತರೆ ಲೈನು ತಾನಾಗಿಯೇ ಮೇಲಿನ ಮೈಕಿಗೆ ಹೋಗುವಂತೆ ಒಂದು ಸ್ವಿಚ್ ಹಾಕಿ ಹೋದ. ಅದನ್ನು ನಿಲ್ದಾಣ ನೋಡಿಕೊಳ್ಳುವ ಕಂಟ್ರೋಲರ್ ಸಾಹೇಬರಿಗೆ ಹೇಳಿದ, ಮೈಕಕ್ಕನಿಗೆ ಹೇಳುವುದು ಯಾರ ತಲೆಗೂ ಹೊಳೆಯಲಿಲ್ಲ. ಕಂಟ್ರೋಲರು ಕೆಟ್ಟವರೇನಲ್ಲ. ಮೇಲಧಿಕಾರಿ ಕೆಮ್ಮಿದರೆ ಇವರಿಗೆ ನೆಗಡಿ ಬರುತ್ತಿತ್ತು, ಅಷ್ಟೇ. ಯಂತ್ರ ಒಗ್ಗುವವರೆಗೂ ಮೈಕಕ್ಕ ಮೇಲೆಯೇ ಇರಲಿ, ಆಮೇಲೆ ಪಾರ್ಸೆಲ್ ವಿಭಾಗಕ್ಕೆ ಹೋಗಲಿ ಎಂದು ಅವರು ನೆಲ ನೋಡುತ್ತ ಹೇಳಿದರು. ಮೈಕಕ್ಕ ಹೂಂ ಅಂದಳು. ಮನೆಗೆ ಹೋಗಿ ಗಂಡನ ಎದುರು ಮಾತ್ರ, ಇನ್ನು ಮೇಲೆ ರಟ್ಟಿನ ಪೆಟ್ಟಿಗೆಗಳ ಜೊತೆ ಮಾತಾಡಬೇಕು ನಾನು ಎಂದು ಕಣ್ಣು ಒರೆಸಿಕೊಂಡಳು.

ಆ ಖಾಲಿ ದಿನಗಳಲ್ಲೇ ಪುಸ್ತಕ ಸಿಕ್ಕಿತು. ನಿಲ್ದಾಣದ ಮೆಟ್ಟಿಲ ಕೆಳಗಿನ ಪೇಪರ್ ಅಂಗಡಿಯವನು ಹಳೆಯ ದಾಸ್ತಾನನ್ನು ರದ್ದಿಗೆ ಹಾಕಲು ಕಟ್ಟು ಕಟ್ಟುತ್ತಿದ್ದ. ಕಟ್ಟಿನ ನಡುವೆ ಒಂದು ಕಪ್ಪು ಬೆನ್ನು, ಅದರ ತುದಿಯಲ್ಲಿ ಮಾಸಿದ ಕೆಂಪು ಹನಿ. ಮೈಕಕ್ಕ ಹಗ್ಗ ಬಿಚ್ಚಿಸಿ ಅದನ್ನು ಎಳೆದುಕೊಂಡಳು. ಮೂಲೆಗಳನ್ನು ಇಲಿ ಕಡಿದಿದ್ದರೂ ಒಳಗಿನ ಪುಟಗಳು ನೆಟ್ಟಗಿದ್ದವು. ಅಂದು ಓದಿದ ಗೆಳತಿಯ ಪ್ರತಿಯಲ್ಲ, ಆದರೆ ಅದೇ ಪುಸ್ತಕ, ಅದೇ ಅಕ್ಷರ.

ಆ ರಾತ್ರಿ ಊಟದ ಹೊತ್ತಿಗೆ ಮಗಳ ಕಣ್ಣಿಗೆ ಬಿತ್ತು. ಈ ವಯಸ್ಸಿನಲ್ಲಿ ವ್ಯಾಂಪೈರಾ ಎಂದು ಅವಳು ಮೂಗು ಮುರಿದಳು. ಇಂಥದ್ದನ್ನು ಈಗ ಯಾರೂ ಓದುವುದಿಲ್ಲ, ಗೆಳತಿಯರಿಗೆ ಗೊತ್ತಾದರೆ ಮಾನ ಹೋಗುತ್ತದೆ ಎಂದಳು. ಗಂಡ ಮಾತ್ರ, ಇರಲಿ ಬಿಡು, ಆ ರಕ್ತ ಕುಡಿಯುವವನು ನನ್ನ ಹಾಗೆ ಊಟಕ್ಕೆ ಉಪ್ಪು ಕಮ್ಮಿ ಅನ್ನುವವನಲ್ಲ ಎಂದು ತಟ್ಟೆ ತೊಳೆಯಲು ಎದ್ದ.

ಮೈಕಕ್ಕ ಅದನ್ನು ಗೂಡಿಗೇ ಒಯ್ದು ಓದತೊಡಗಿದಳು. ಮೊದಲ ಪುಟಗಳಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. ಹದಿನಾಲ್ಕರಲ್ಲಿ ಉಸಿರು ನಿಲ್ಲಿಸಿದ್ದ ವಾಕ್ಯಗಳಿವು. ನಾಯಕನ ಕಣ್ಣು ಬಾವಿಯಂತೆ, ಕೈ ಹಿಮದಂತೆ, ನಗೆ ಗಾಯದಂತೆ. ಮನುಷ್ಯನ ಹಾಗಿರುವುದು ಅವನಲ್ಲಿ ಒಂದೂ ಇಲ್ಲ. ಅವನು ಕತ್ತಲಲ್ಲಿ ಹುಡುಗಿಯ ಕಿಟಕಿಯ ಕೆಳಗೆ ನಿಂತು ಬೆಳಗಾಗುವವರೆಗೆ ಅವಳು ಮಲಗಿದ್ದನ್ನು ನೋಡುತ್ತಾನೆ. ಈ ಪುಟ ಓದಿದ ಮೇಲೆ ತಾನು ಎಷ್ಟೋ ದಿನ ಕಿಟಕಿ ತೆರೆದಿಟ್ಟು ಮಲಗಿದ್ದು ಅವಳಿಗೆ ನೆನಪಾಯಿತು. ರಕ್ತ ಕುಡಿಯಲು ಸೊಳ್ಳೆಗಳು ಬಂದಿದ್ದವೇ ಹೊರತು ಇವನು ಬಂದಿರಲಿಲ್ಲ. ಈಗ ಹರೆಯದ ಮಗಳಿರುವ ತಾಯಿ. ನಮ್ಮ ಕಿಟಕಿಯ ಕೆಳಗೆ ಹೀಗೆ ಯಾವನಾದರೂ ನಿಂತರೆ ಬಿಸಿನೀರು ಸುರಿಯುತ್ತೇನೆ ಅಂದುಕೊಂಡಳು.

ಆದರೂ ಪುಸ್ತಕ ಕೆಳಗಿಡಲು ಆಗಲಿಲ್ಲ. ಗಡಿಯಾರ ಬಿಚ್ಚಿದ ಹುಡುಗಿ ಒಳಗೆ ಸಿಕ್ಕಿಕೊಂಡಿದ್ದ ಒಂದು ಕೂದಲೆಳೆಯನ್ನು ಚಿಮಟಿಗೆಯಿಂದ ಎತ್ತಿ, ಯಾರದು ಎಂದು ಕೇಳುತ್ತಾಳೆ. ಅವನು ನನ್ನ ತಾಯಿಯದು ಎನ್ನುತ್ತಾನೆ. ಅಲ್ಲಿಗೆ ಬಂದಾಗ ಮೈಕಕ್ಕ ಹದಿನಾಲ್ಕರಲ್ಲಿ ಅತ್ತ ಹಾಗೇ ಅತ್ತಳು. ನಗು ಬಂದದ್ದೂ ನಿಜ, ಇದೂ ನಿಜ. ಎರಡನ್ನೂ ಹೊಟ್ಟೆಗೆ ಹಾಕಿಕೊಂಡು ಅವಳು ಮುಂದೆ ಓದಿದಳು. ತುಟಿ ಮುಚ್ಚಿ ಓದುವ ಅಭ್ಯಾಸವೇ ಅವಳಿಗಿರಲಿಲ್ಲ, ಅಜ್ಜಿ ಮಾಡಿಸಿದ್ದು ಹಾಗೆ. ಹೇಗೂ ಮೈಕು ಸತ್ತಿದೆ, ಗಾಜು ದಪ್ಪ, ಕೇಳುವವರು ಯಾರು? ದನಿಗೂಡಿಸಿ ಓದಿದಳು, ಅಜ್ಜಿ ಅಡ್ಡ ಬಾಯಿ ಹಾಕುತ್ತಿದ್ದ ಜಾಗದಲ್ಲಿ ತಾನೇ ಹಾಕಿಕೊಂಡಳು.

ಊರಾಚೆಯ ನದಿಗೆ ಇದ್ದದ್ದು ಒಂದೇ ಸೇತುವೆ. ಒಂದು ಬೆಳಿಗ್ಗೆ ಅದರ ಕಂಬದಲ್ಲಿ ಬಿರುಕು ಕಂಡಿತೆಂದು ಪೊಲೀಸರು ಎರಡೂ ಕಡೆ ಅಡ್ಡಗಟ್ಟಿದರು. ಪರೀಕ್ಷೆ ಆಗುವವರೆಗೆ ಒಂದು ಸೈಕಲ್ಲೂ ದಾಟುವಂತಿಲ್ಲ. ಬರಬೇಕಾದ ಬಸ್ಸುಗಳು ಆಚೆ ನಿಂತವು, ಹೋಗಬೇಕಾದವು ಈಚೆ. ನಿಲ್ದಾಣಕ್ಕೆ ಜನ ಬರುತ್ತಲೇ ಇದ್ದರು, ಹೋಗುವವರು ಯಾರೂ ಇಲ್ಲ.

ಯಂತ್ರಕ್ಕೆ ಇದೆಲ್ಲ ಏನು ಗೊತ್ತು? ಅದು ಬೆಣ್ಣೆಯಂಥ ದನಿಯಲ್ಲಿ, ದಯವಿಟ್ಟು ಗಮನಿಸಿ, ಬಸ್ಸು ಕೆಲವೇ ಕ್ಷಣಗಳಲ್ಲಿ ಬರಲಿದೆ ಎಂದು ಕೂಗುತ್ತಲೇ ಇತ್ತು. ಮೊದಮೊದಲು ಜನ ಎದ್ದು ಗಂಟುಮೂಟೆ ಎತ್ತಿಕೊಂಡು ಸಾಲು ನಿಂತರು. ಆಮೇಲೆ ಗೊಣಗಿದರು. ಬಿಸಿಲೇರಿದ ಮೇಲೆ ಅದು ಒಂದೊಂದು ಸಲ ಬಾಯಿ ಬಿಟ್ಟಾಗಲೂ ಕೂಗು, ಸಿಳ್ಳೆ. ಮಗಳ ಬಾಣಂತನಕ್ಕೆಂದು ಹೊರಟಿದ್ದ ಒಬ್ಬ ಹಿರಿಯ ಹೆಂಗಸು ಮಾತ್ರ ಆ ದನಿಯನ್ನು ನಂಬಿ ಪ್ರತಿ ಸಲವೂ ಚೀಲ ಹೆಗಲಿಗೇರಿಸುತ್ತಿದ್ದಳು, ಪ್ರತಿ ಸಲವೂ ಇಳಿಸುತ್ತಿದ್ದಳು. ಅದನ್ನು ನೋಡಲಾರದೆ ಗಂಡಸರು ನಾಲ್ಕೈದು ಜನ ಕೌಂಟರಿನ ಗಾಜು ಬಡಿಯತೊಡಗಿದರು. ಕಂಟ್ರೋಲರ್ ಸಾಹೇಬರಿಗೆ ಬೆವರು ಕಿತ್ತುಕೊಂಡಿತು. ಯಂತ್ರದ ಯಾವ ಗುಂಡಿ ಒತ್ತಿದರೂ ಅದು ಸುಮ್ಮನಾಗಲಿಲ್ಲ. ಕೊನೆಗೆ ಅವರು ಕಪಾಟಿನ ಹಿಂದೆ ಕೈ ಹಾಕಿ ವೈರನ್ನೇ ಕಿತ್ತರು.

ಲೈನು ಮೇಲಕ್ಕೆ ಹೋಯಿತು. ಮೈಕು ಚಾಲೂ ಇದ್ದರೆ ಉರಿಯಬೇಕಾದ ಕೆಂಪು ದೀಪ ಕೆಟ್ಟು ಬಹಳ ಕಾಲವಾಗಿತ್ತು. ಮೈಕಕ್ಕ ನಿಲ್ದಾಣದ ಗದ್ದಲಕ್ಕೆ ಬೆನ್ನು ಹಾಕಿ, ಗೋಡೆಗೆ ಕಾಲು ಕೊಟ್ಟು, ಪುಸ್ತಕದಲ್ಲಿ ಮುಳುಗಿದ್ದಳು.

ಯಂತ್ರ ನಿಂತ ನಿಶ್ಶಬ್ದದಲ್ಲಿ ಇಡೀ ನಿಲ್ದಾಣಕ್ಕೆ, ಪ್ರತಿಯೊಂದು ಕಂಬದ ಧ್ವನಿವರ್ಧಕದಿಂದಲೂ, ಇಳಿದ ದನಿಯೊಂದು ಕೇಳಿಸಿತು: "ನಿನ್ನ ಕುತ್ತಿಗೆಯ ನಾಡಿ ನನಗೆ ಇಲ್ಲಿಂದಲೇ ಕೇಳಿಸುತ್ತಿದೆ, ಎಂದ ಅವನು."

ಗಾಜು ಬಡಿಯುತ್ತಿದ್ದ ಕೈಗಳು ಹಾಗೇ ನಿಂತವು.

"ನಾನು ಹೊಸ್ತಿಲ ಈಚೆ ಇದ್ದೇನೆ, ಎಂದಳು ಅವಳು. ಆಚೆ ಇರುವ ತನಕ ನೀನು ಏನು ಬೇಕಾದರೂ ಕೇಳಿಸಿಕೋ." ಆಮೇಲೆ ಒಂದು ಪುಟ ಮಗುಚಿದ ಸದ್ದು, ಅದರ ಬೆನ್ನಿಗೇ ಬೇರೆ ಥರದ ದನಿ: "ನಾಡಿ ಎಲ್ಲ ಕೇಳಿಸುತ್ತೆ ಈ ರಕ್ತಪ್ಪಂಗೆ, ಒಳಗೆ ಅವಳಪ್ಪ ಕೆಮ್ಮಿದ್ದು ಮಾತ್ರ ಕೇಳಿಸಲ್ಲ."

ನಿಲ್ದಾಣ ಗೊಳ್ಳೆಂದು ನಕ್ಕಿತು. ಆ ನಗು ಗಾಜನ್ನೂ ದಾಟಿ ಬಂತು. ಮೈಕಕ್ಕ ತಿರುಗಿ ನೋಡಿದರೆ, ಕೆಳಗೆ ಎಲ್ಲ ಮುಖಗಳೂ ಮೇಲಕ್ಕೆ ತಿರುಗಿವೆ. ಅವಳಿಗೆ ಅರ್ಥವಾಗಲು ಅರೆಗಳಿಗೆ ಬೇಕಾಯಿತು. ಅರ್ಥವಾದದ್ದೇ ತಡ, ಕಾಲಿನ ಕೆಳಗಿನ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಇಷ್ಟು ವರ್ಷ ಒಂದು ತಪ್ಪು ಮಾತು ಆ ಮೈಕಿನಿಂದ ಹೊರಡದ ಹಾಗೆ ನೋಡಿಕೊಂಡವಳು, ಕೊನೆಯ ದಿನಗಳಲ್ಲಿ ಊರ ಮುಂದೆ ರಕ್ತಪ್ಪನ ಸರಸ ಬಿಚ್ಚಿಟ್ಟಿದ್ದಳು.

ಮೆಟ್ಟಿಲು ಧಡಧಡ ಅಂತು. ಕಂಟ್ರೋಲರ್ ಸಾಹೇಬರು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತರು. ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಹಿಂದಿನಿಂದ, ಮೆಟ್ಟಿಲ ಬುಡದಲ್ಲಿ ನಿಂತಿದ್ದ ಚೀಲದ ಹೆಂಗಸು ಕೂಗಿ ಕೇಳಿದಳು.

"ಸ್ವಾಮಿ, ಅವಳು ಅವನನ್ನ ಒಳಗೆ ಕರೆದಳೋ ಇಲ್ಲವೋ, ಅದನ್ನ ಸ್ವಲ್ಪ ಕೇಳಿ ಹೇಳಿ."

ಕಂಟ್ರೋಲರು ಗಾಜಿನಿಂದ ಕೆಳಗೆ ನೋಡಿದರು. ಕೌಂಟರಿನ ಮುಂದೆ ಯಾರೂ ಇರಲಿಲ್ಲ. ಮುಷ್ಟಿ ಬಿಗಿದು ನಿಂತಿದ್ದವರೆಲ್ಲ ಸೊಂಟದ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದರು. ಸಾಹೇಬರು ತೆರೆದ ಬಾಯಿ ಮುಚ್ಚಿ, ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

"ಓದಿ," ಎಂದರು.

"ಸಾರ್, ಇದು ವ್ಯಾಂಪೈರ್ ಕಥೆ."

"ಯಾವುದಾದ್ರೂ ಆಗಲಿ ತಾಯಿ. ನಾನು ತಿಂದ ಬೈಗುಳಕ್ಕಿಂತ ವಾಸಿ."

ಮೈಕಕ್ಕ ಕುರ್ಚಿಯನ್ನು ಮೈಕಿನ ಕಡೆ ಎಳೆದುಕೊಂಡಳು. ಮೊದಲು ಕಥೆ ಓದಲಿಲ್ಲ. ಸಾಹೇಬರನ್ನು ಕೇಳಿ ತಿಳಿದುಕೊಂಡು, ಸೇತುವೆಯಲ್ಲಿ ಬಿರುಕು ಬಿಟ್ಟಿದೆ, ನೋಡಲು ಇಂಜಿನಿಯರುಗಳು ಬಂದಿದ್ದಾರೆ, ಸಂಜೆಗೆ ಮುಂಚೆ ಬಸ್ಸು ಬಿಡುವುದು ಅನುಮಾನ, ಮನೆಗೆ ಹೋಗುವವರು ಹೋಗಬಹುದು, ಕುಡಿಯುವ ನೀರು ಪಾರ್ಸೆಲ್ ಕೋಣೆಯ ಪಕ್ಕ ಇದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೆಳಗಿನಿಂದ ಯಾರೂ ಜನರಿಗೆ ಇಷ್ಟನ್ನು ಹೇಳಿರಲಿಲ್ಲ. ಕೆಲವರು ಮನೆಗೆ ಹೊರಟರು. ಉಳಿದವರು ಚೀಲಗಳ ಮೇಲೆ, ಪ್ಲಾಟ್‌ಫಾರಂ ಅಂಚಿನ ಮೇಲೆ, ಬಸ್ಸುಗಳ ಮೆಟ್ಟಿಲ ಮೇಲೆ ಕೂತರು. ಆಮೇಲೆ ಮೈಕಕ್ಕ ಗಡಿಯಾರದ ಅಂಗಡಿಯಿಂದ ಶುರು ಮಾಡಿದಳು.

ಆಗಲೇ ಓದಿದ್ದ ಭಾಗವನ್ನು ಅರ್ಧ ತನ್ನ ಮಾತಿನಲ್ಲಿ, ಅರ್ಧ ಪುಸ್ತಕ ನೋಡಿ ಹೇಳಿ, ಅಲ್ಲಿಂದ ಮುಂದೆ ಪೂರ್ತಿ ಪುಸ್ತಕ ಹಿಡಿದಳು. ಅಜ್ಜಿ ಕಲಿಸಿದ್ದು ಒಂದೂ ಮರೆತಿರಲಿಲ್ಲ. ಸತ್ತವನ ಮಾತಿಗೆ ದನಿ ಇಳಿಯಿತು, ಹುಡುಗಿಯ ಮಾತಿಗೆ ಮುಂಚೆ ಒಂದು ಉಸಿರು ಬಂತು. ಬಾವಿಗಣ್ಣು, ಹಿಮದ ಕೈ ಬಂದಲ್ಲಿ ಜನ ನಕ್ಕರು, ಅವಳೂ ಅವರ ಜೊತೆ ನಕ್ಕಳು. ಕಿಟಕಿಯ ಕೆಳಗೆ ನಿಲ್ಲುವ ಪುಟ ಬಂದಾಗ ಬಿಸಿನೀರಿನ ಮಾತನ್ನೂ ಸೇರಿಸಿದಳು. ಹೆಂಗಸರ ಕಡೆಯಿಂದ ಚಪ್ಪಾಳೆ ಬಿತ್ತು. ಗಡಿಯಾರದೊಳಗಿನ ಕೂದಲೆಳೆಯ ಜಾಗಕ್ಕೆ ಬಂದಾಗ ಮಾತ್ರ ಯಾರೂ ಕೆಮ್ಮಲಿಲ್ಲ. ಚಹಾ ಅಂಗಡಿಯವನು ಸ್ಟವ್ ಸದ್ದು ಮಾಡುತ್ತದೆಂದು ಅದನ್ನೇ ಆರಿಸಿದ. ಬೀದಿಯಾಚೆಯ ಅಂಗಡಿಗಳವರು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಬಂದು ಕಾಂಪೌಂಡ್ ಗೋಡೆಗೆ ಒರಗಿದರು.

ಅಧ್ಯಾಯಗಳ ನಡುವೆ ಅವಳು ನೀರು ಕುಡಿಯಲು ನಿಂತರೆ ಕೆಳಗೆ ವಾದ ಏಳುತ್ತಿತ್ತು. ಮೊದಲ ಬಸ್ಸಿನ ದಪ್ಪ ಡ್ರೈವರು ತಾನಾಗಿಯೇ ದೂತನ ಕೆಲಸ ವಹಿಸಿಕೊಂಡ. ಮೆಟ್ಟಿಲು ಹತ್ತಿ ಬಂದು, ರಕ್ತಪ್ಪ ಹಗಲು ಹೊತ್ತು ಎಲ್ಲಿ ಮಲಗುತ್ತಾನೆಂದು ಕೇಳುತ್ತಿದ್ದಾರೆ ಎಂದ. ಇನ್ನೊಂದು ಸಲ ಬಂದು, ರಕ್ತ ಕುಡಿಯುವವನಿಗೆ ಬಿಪಿ ಬರುತ್ತದಾ ಎಂದ. ಮೂರನೆಯ ಸಲ ಬಂದಾಗ ಪ್ರಶ್ನೆ ಯಾರದೂ ಅಲ್ಲ, ಅವನದೇ. ಹುಡುಗಿಯ ಅಪ್ಪನಿಗೆ ಇದೆಲ್ಲ ಗೊತ್ತಾ, ಪಾಪ, ಎಂದು ಕೇಳಿದ. ಅವನಿಗೂ ಮನೆಯಲ್ಲಿ ಒಬ್ಬಳು ಮಗಳಿದ್ದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೈಕಕ್ಕನ ಮಗಳು ಕಾಲೇಜು ಮುಗಿಸಿ ಗೆಳತಿಯರ ಗುಂಪಿನೊಂದಿಗೆ ನಿಲ್ದಾಣಕ್ಕೆ ಬಂದಳು. ಧ್ವನಿವರ್ಧಕದಲ್ಲಿ ಅಮ್ಮನ ದನಿ, ಆ ದನಿಯಲ್ಲಿ ರಕ್ತಪ್ಪ. ಹುಡುಗಿ ಬಾಲ ಸುಟ್ಟ ಬೆಕ್ಕಿನಂತೆ ಒಂದು ಕಂಬದ ಹಿಂದೆ ಸರಿದಳು. ಗೆಳತಿಯರು ಸರಿಯಲಿಲ್ಲ. ಚೀಲ ನೆಲಕ್ಕಿಟ್ಟು ಕೂತೇಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಅವರಲ್ಲೊಬ್ಬಳು, ಇವರು ಯಾರೇ, ಎಷ್ಟು ಚೆನ್ನಾಗಿ ಓದುತ್ತಾರೆ ಎಂದಳು. ಕಂಬದ ಹಿಂದಿನಿಂದ ಒಂದು ತಲೆ ಇಣುಕಿತು.

"ನಮ್ಮಮ್ಮ," ಎಂದಳು ಹುಡುಗಿ. ಆಮೇಲೆ ಬಂದು ಅವರ ಪಕ್ಕದಲ್ಲಿ ಕೂತಳು.

ಇನ್ನೊಂದೇ ಅಧ್ಯಾಯ ಉಳಿದಿರುವಾಗ ಕೆಳಗೆ ಫೋನು ಬಂತು. ಕಂಟ್ರೋಲರು ಮತ್ತೆ ಮೆಟ್ಟಿಲು ಹತ್ತಿ ಬಂದು, ಸೇತುವೆ ತೆರೆದಿದ್ದಾರೆ, ಬಿರುಕು ಮೇಲಿನ ಗಾರೆಯದ್ದಂತೆ ಎಂದರು. ಮೈಕಕ್ಕ ಪುಸ್ತಕ ಮಡಚಿ, ಎಂದಿನ ದನಿಗೆ ಮರಳಿ, ಮೊದಲ ಬಸ್ಸು ಹೊರಡಲು ಸಿದ್ಧವಾಗಿದೆ, ಪ್ರಯಾಣಿಕರು ಹತ್ತಬಹುದು ಎಂದು ಕೂಗಿದಳು.

ಒಬ್ಬರೂ ಏಳಲಿಲ್ಲ.

ಅವಳು ಇನ್ನೊಮ್ಮೆ ಕೂಗಿದಳು. ಬಾಣಂತನಕ್ಕೆ ಹೊರಟ ಹೆಂಗಸು ಚೀಲವನ್ನು ಮಡಿಲಿಗೆ ಎಳೆದುಕೊಂಡು ಇನ್ನೂ ಭದ್ರವಾಗಿ ಕೂತಳು. ದಪ್ಪ ಡ್ರೈವರು ಬಸ್ಸಿಗೆ ಹತ್ತಿದ. ಇವನು ಹೊರಟೇಬಿಟ್ಟ ಎಂದು ಎಲ್ಲರೂ ಅಂದುಕೊಂಡರು. ಅವನು ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡು ಇಳಿದು ಬಂದು, ಬಸ್ಸಿನ ಮೆಟ್ಟಿಲ ಮೇಲೆ ಕೂತು, ಗಾಜಿನ ಕಡೆ ಮುಖ ಎತ್ತಿದ.

ಕಂಟ್ರೋಲರ್ ಸಾಹೇಬರು ಕೈಗಡಿಯಾರ ನೋಡಿಕೊಂಡರು, ಕೆಳಗಿನ ಜನರನ್ನು ನೋಡಿದರು. "ಒಂದು ಅಧ್ಯಾಯ ತಾನೇ?" ಎಂದರು. ಇಳಿದು ಹೋಗಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ಅಲ್ಲೇ ನಿಂತರು.

ಕೊನೆಯ ಅಧ್ಯಾಯದಲ್ಲಿ ರಕ್ತಪ್ಪ ಕೇಳುವುದು ಇಷ್ಟೇ. ನನ್ನ ಹಾಗೆ ಆಗು, ವಯಸ್ಸು ನಿಲ್ಲುತ್ತದೆ, ಸಾವು ಇಲ್ಲ. ಅಂಗಡಿ, ಅಪ್ಪ, ಹಗಲು, ಎಲ್ಲ ಬಿಟ್ಟು ಬಾ. ಹುಡುಗಿ ತುಂಬ ಹೊತ್ತು ಯೋಚಿಸುತ್ತಾಳೆ. ಗಡಿಯಾರಕ್ಕೆ ಕೀ ಕೊಡುತ್ತಾಳೆ, ಅದು ಓಡುತ್ತದೆ. ಕೊನೆಗೆ ಬಾಗಿಲ ಬಳಿ ಬಂದು ಒಂದು ಮಾತು ಹೇಳುತ್ತಾಳೆ: ಒಳಗೆ ಬಾ. ಅಲ್ಲಿಗೆ ಪುಸ್ತಕ ಮುಗಿಯಿತು.

ಆ ಎರಡು ಪದ ಓದಿ ಹದಿನಾಲ್ಕರ ಹುಡುಗಿ ಸಂತೋಷಕ್ಕೆ ಬಿಕ್ಕಿ ಬಿಕ್ಕಿ ಅತ್ತಿದ್ದಳು. ಈಗ ಮೈಕಕ್ಕ ಅವನ್ನು ಅಚ್ಚಾದ ಹಾಗೇ, ಒಂದು ಅಕ್ಷರ ಕೂಡಿಸದೆ ಕಳೆಯದೆ ಓದಿದಳು. ಓದಿ ಮುಗಿದ ಮೇಲೆ ಮೈಕು ಆರಿಸಲು ಕೈ ಹೋಗಲಿಲ್ಲ. ಕೆಳಗೆ ಗೆಳತಿಯರ ನಡುವೆ ಮಗಳು ಕಾಣಿಸುತ್ತಿದ್ದಳು, ಕತ್ತೆತ್ತಿಕೊಂಡು. ಮೈಕಕ್ಕ ಒಂದು ಉಸಿರು ತಗೊಂಡಳು.

"ಪುಸ್ತಕ ಇಷ್ಟೇ," ಎಂದಳು. "ಇದನ್ನ ನಾನು ಚಿಕ್ಕೋಳಿದ್ದಾಗ ನಮ್ಮಜ್ಜಿಗೆ ಓದಿ ಹೇಳಿದ್ದೆ. ಅವಳಿಗೆ ಓದೋಕೆ ಬರ್ತಿರಲಿಲ್ಲ. ಇದನ್ನ ಕೇಳಿ ಅವಳು ಒಂದು ಮಾತು ಹೇಳಿದ್ದಳು. ಒಳಗೆ ಬಾ ಅನ್ನೋವಳಿಗೆ ಹೊರಗೆ ಹೋಗು ಅನ್ನೋಕೂ ಬರಬೇಕು ಅಂತ. ಆಗ ನನಗೆ ಸಿಟ್ಟು ಬಂದಿತ್ತು, ಎರಡು ದಿನ ಮಾತು ಬಿಟ್ಟಿದ್ದೆ. ಇವತ್ತು ನನಗೆ ಅವಳ ಮಾತೇ ಸರಿ ಅನ್ನಿಸ್ತಿದೆ. ಆದ್ರೂ ಕಥೆ ಚೆನ್ನಾಗಿದೆ. ಈಗ ದಯವಿಟ್ಟು ಬಸ್ ಹತ್ತಿ."

ಆಮೇಲೆ ಎಲ್ಲೋ ಹಿಂದಿನಿಂದ ಒಂದು ಚಪ್ಪಾಳೆ ಶುರುವಾಗಿ ಕಂಬದಿಂದ ಕಂಬಕ್ಕೆ ಹಬ್ಬಿ, ಗೂಡಿನ ಗಾಜು ಅದಿರಿತು. ಡ್ರೈವರುಗಳು ಒಬ್ಬರಾದ ಮೇಲೊಬ್ಬರು ಹಾರ್ನ್ ಒತ್ತಿದರು. ನಿಲ್ದಾಣದಲ್ಲಿ ಹಾರ್ನ್ ಮಾಡಕೂಡದೆಂಬ ನಿಯಮವಿತ್ತು. ಅದನ್ನು ಬರೆಸಿದ್ದ ಕಂಟ್ರೋಲರ್ ಸಾಹೇಬರು ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟುತ್ತಿದ್ದರು. ಜನ ಬಸ್ ಹತ್ತಿದ್ದು ಜಗಳವಾಡುತ್ತಲೇ: ಹುಡುಗಿ ಮಾಡಿದ್ದು ಸರಿ, ತಪ್ಪು, ಅಜ್ಜಿ ಹೇಳಿದ್ದು ಸರಿ, ಅಜ್ಜಿಗೇನು ಗೊತ್ತು ಪ್ರೀತಿ. ಕಂಡಕ್ಟರುಗಳು ಟಿಕೆಟ್ ಹರಿಯುವುದನ್ನು ಬಿಟ್ಟು ನಡುವೆ ಬಾಯಿ ಹಾಕಿದರು. ಮೊದಲ ಬಸ್ಸು ತಿರುಗುವಾಗ ಕಿಟಕಿಯಲ್ಲಿ ಕೂತಿದ್ದ ಬಾಣಂತನದ ಹೆಂಗಸು ಗೂಡಿನ ಕಡೆ ನೋಡಿ, ಎರಡು ಬೆರಳನ್ನು ಕೋರೆಹಲ್ಲಿನ ಹಾಗೆ ಬಾಯಿಗಿಟ್ಟುಕೊಂಡು ನಕ್ಕಳು. ಮೈಕಕ್ಕ ನಗುತ್ತ ಅದೇ ಹಲ್ಲು ತೋರಿಸಿ ಬೀಳ್ಕೊಟ್ಟಳು.

ಮೇಲಿನ ಕಚೇರಿಯಿಂದ ವಿಚಾರಣೆ ಬರದೆ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಇಂಥದ್ದನ್ನು ಓದಲು ಬಿಟ್ಟವರು ಯಾರು ಎಂದು ಕೇಳಿದರು. ಮೇಲಿನವರ ಎದುರು ಎಂದೂ ತಲೆ ಎತ್ತದ ಕಂಟ್ರೋಲರು, ಬಿಟ್ಟವನು ನಾನು, ಅವತ್ತು ಒಂದು ಗಾಜೂ ಒಡೆಯಲಿಲ್ಲ, ಯಂತ್ರವನ್ನೇ ನಂಬಿದ್ದರೆ ನಿಲ್ದಾಣವೇ ಉಳಿಯುತ್ತಿರಲಿಲ್ಲ ಎಂದರಂತೆ. ಹೇಳಿ ಬಂದು ಗೂಡಿನ ಕುರ್ಚಿಯಲ್ಲಿ ಕೂತು ಒಂದು ಲೋಟ ನೀರು ಕೇಳಿದರು. ಅವರ ಮುಖ ಪರೀಕ್ಷೆ ಪಾಸಾದ ಹುಡುಗನದಾಗಿತ್ತು. ಯಂತ್ರವೇನೂ ಹೋಗಲಿಲ್ಲ. ದಿನನಿತ್ಯದ ವೇಳೆ ಕೂಗಲು ಅದು, ಮಿಕ್ಕಿದ್ದಕ್ಕೆಲ್ಲ ಮೈಕಕ್ಕ ಎಂದಾಯಿತು. ಪಾರ್ಸೆಲ್ ವಿಭಾಗದ ಮಾತು ಅಲ್ಲಿಗೇ ಮುಗಿಯಿತು. ಮಧ್ಯಾಹ್ನ ಬಸ್ಸುಗಳು ಕಡಿಮೆ ಇರುವ ಹೊತ್ತಿನಲ್ಲಿ ಅರ್ಧ ಗಂಟೆ ಅವಳು ಓದಬಹುದು ಎಂದು ಕಂಟ್ರೋಲರೇ ಹೇಳಿದರು. ಪೇಪರ್ ಅಂಗಡಿಯವನು ಅಂದಿನಿಂದ ರದ್ದಿಗೆ ಕಟ್ಟುವ ಮುಂಚೆ ಕಟ್ಟುಗಳನ್ನು ಮೈಕಕ್ಕನಿಗೆ ತೋರಿಸುತ್ತಾನೆ. ಕೆಲವರು ಆ ಅರ್ಧ ಗಂಟೆಗೆ ಸರಿಯಾಗಿ ಪ್ರಯಾಣ ಇಟ್ಟುಕೊಳ್ಳುತ್ತಾರೆ. ಚಹಾ ಅಂಗಡಿಯವನ ವ್ಯಾಪಾರವೂ ಕುದುರಿದೆ.

ಅತ್ತ ಮನೆಯಲ್ಲಿ ಅದೇ ರಾತ್ರಿ ಪುಸ್ತಕ ಮೈಕಕ್ಕನ ಚೀಲದಿಂದ ಮಾಯವಾಗಿತ್ತು. ಕೆಲವು ದಿನದ ಮೇಲೆ ಒಂದು ಬೆಳಿಗ್ಗೆ ಹುಡುಗಿ ಅದನ್ನು ಹಿಡಿದುಕೊಂಡು ಕೋಣೆಯಿಂದ ಹೊರಬಂದಳು. ಕಣ್ಣು ಕೆಂಪಾಗಿತ್ತು.

"ನಿಮ್ಮಜ್ಜಿ ಹೇಳಿದ್ದು ತಪ್ಪು ಅಮ್ಮ," ಎಂದಳು. "ಆ ಹುಡುಗಿಗೆ ಹೊರಗೆ ಹೋಗು ಅನ್ನೋಕೂ ಬರ್ತಿತ್ತು. ಬರ್ತಿದ್ದಕ್ಕೇ ಅಷ್ಟು ಹೊತ್ತು ಯೋಚನೆ ಮಾಡಿದ್ದು. ನೀನು ಆ ಪುಟ ಸರಿಯಾಗಿ ಓದೇ ಇಲ್ಲ."

ಮೈಕಕ್ಕ ರೊಟ್ಟಿ ಬೇಯಿಸುತ್ತಿದ್ದವಳು ಒಲೆ ಆರಿಸಿ, ಎಲ್ಲಿ, ಯಾವ ಪುಟ, ತೋರಿಸು ಎಂದಳು. ತಾಯಿ ಮಗಳು ಮೇಜಿಗೆ ಮೊಣಕೈ ಊರಿ ಕೂತರು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯತೊಡಗಿದವು. ಗಂಡ ಬಸ್ಸಿಗೆ ಹೊತ್ತಾಯಿತು ಎಂದು ಬಾಗಿಲಲ್ಲಿ ನಿಂತು ಎರಡು ಸಲ ಹೇಳಿ ನೋಡಿದ. ಆಮೇಲೆ ಚಪ್ಪಲಿ ಕಳಚಿ ಒಳಗೆ ಬಂದು, ತಾನೂ ಒಂದು ಕುರ್ಚಿ ಎಳೆದುಕೊಂಡು, ಆ ರಕ್ತಪ್ಪನಿಗೆ ಅಷ್ಟಕ್ಕೂ ಸಂಬಳ ಎಷ್ಟು ಎಂದು ಕೇಳಿದ. ತಾಯಿ ಮಗಳು ಇಬ್ಬರೂ ಒಟ್ಟಿಗೇ ಅವನ ಮೇಲೆ ಬಿದ್ದರು.